ಮಂದಾಕಿನಿಯ ಕುಬುಸ

ಸುದ್ದಿಯನ್ನು ಜನ ಅನುಮಾನಿಸುತ್ತಾರೆ, ಕತೆಯನ್ನು ಅನುಮಾನಿಸುವುದಿಲ್ಲ. ಕತೆ ಕೇಳುವವನು ಸಾಕ್ಷಿ ಕೇಳುವುದಿಲ್ಲ, ಹೂಂಗುಟ್ಟುತ್ತಾನೆ ಅಷ್ಟೆ. ಈದಂಡೆ ದೇಶದ ಕಥಾ ಇಲಾಖೆ ನಿಂತಿದ್ದು ಈ ಒಂದು ತಿಳಿವಳಿಕೆಯ ಮೇಲೆ.

ಹೊಳೆಯ ಈಚೆಗೆ ಈದಂಡೆ, ಆಚೆಗೆ ಆದಂಡೆ. ಅಜ್ಜಂದಿರ ಕಾಲದಲ್ಲಿ ಒಂದೇ ನಾಡಾಗಿದ್ದದ್ದು ಎರಡು ದೇಶವಾಗಿ, ಹೊಳೆ ದಾಟುವುದೇ ಅಪರಾಧವಾಗಿತ್ತು. ಎರಡೂ ಕಡೆ ಅದೇ ಮಾತು, ಅದೇ ರೊಟ್ಟಿ. ಅಣೆಕಟ್ಟು ಮಾತ್ರ ಈದಂಡೆಯವರ ಕೈಯಲ್ಲಿತ್ತು. ಅದರ ಗೇಟುಗಳನ್ನು ಇಳಿಸಿದರೆ ಬೇಸಿಗೆಯಲ್ಲಿ ಆದಂಡೆ ಒಣಗಬೇಕು. ದೊರೆತನದವರು ಒಮ್ಮೆ ಹಾಗೆ ಇಳಿಸಿಯೂ ಇದ್ದರು. ಆದರೆ ಆಚೆಯ ದನಗಳು ನೀರಿಲ್ಲದೆ ಒರಲುವುದನ್ನು ಕೇಳಲಾರದೆ ಗೇಟಿನವರಲ್ಲಿ ಕೆಲವರು ತಾವಾಗಿಯೇ ಮತ್ತೆ ಎತ್ತಿಬಿಟ್ಟರು. ಅವರೆಲ್ಲ ಈಗ ಕಲ್ಲುಗಣಿಯಲ್ಲಿದ್ದರು. ಗೇಟಿನ ಚಕ್ರ ಹಳೆಯದು, ಹದ ಅರಿಯದ ಸಿಪಾಯಿ ಮುಟ್ಟಿದರೆ ಗೇಟು ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ತಿರುಗಿಸಲು ಪಳಗಿದ ಕೈಯೇ ಬೇಕು, ಕೈಯ ಹಿಂದೆ ಒಂದು ಮನಸ್ಸು ಇದ್ದೇ ಇರುತ್ತದೆ ಎಂಬುದು ದೊರೆತನಕ್ಕೆ ಆಗ ಅರ್ಥವಾಯಿತು. ಆ ಮನಸ್ಸನ್ನು ಹದ ಮಾಡುವುದಕ್ಕಾಗಿ ಮನೆಮನೆಗೆ ಕತೆಪೆಟ್ಟಿಗೆ ಬಂತು.

ಪೆಟ್ಟಿಗೆಯೇನೂ ದೊಡ್ಡ ಮಾಯೆಯಲ್ಲ. ಮುಂದೆ ಒಂದು ತಾಮ್ರದ ತಗಡು. ದೀಪ ಹಚ್ಚುವ ಹೊತ್ತಿಗೆ ಮನೆಯವರು ಅದರ ಮೇಲೆ ಅಂಗೈ ಊರಿ ಕೂತರೆ ಕತೆ ಶುರುವಾಗುತ್ತದೆ, ಕೈ ತೆಗೆದರೆ ನಿಲ್ಲುತ್ತದೆ. ಅಂಗೈಯ ಬೆವರು, ನಾಡಿಯ ಬಡಿತ ತಂತಿಯ ಗುಂಟ ಇಲಾಖೆಗೆ ಹೋಗುತ್ತವೆ. ಅಲ್ಲಿ ಒಂದು ಗೋಡೆಯ ತುಂಬ ಸಣ್ಣ ದೀಪಗಳು, ಮನೆಗೊಂದು. ಭಯವಾದರೆ ದೀಪ ನೀಲಿ, ಸಿಟ್ಟು ಬಂದರೆ ಕೆಂಪು, ಅಕ್ಕರೆ ಉಕ್ಕಿದರೆ ಹಾಲಿನ ಬಿಳುಪು. ಹೊಟ್ಟೆಕಿಚ್ಚಿಗೆ ಬೂದಿ ಮುಚ್ಚಿದ ಕೆಂಡದ ಬಣ್ಣ.

ಮೊದಮೊದಲು ಆದಂಡೆಯವರು ಕೊಲೆಗಡುಕರು, ಸುಲಿಗೆಕೋರರು ಎಂದು ಕತೆ ಹೇಳಿ ನೋಡಿದರು. ನೀಲಿ ದೀಪ ಬೆಳಗಾಗುವುದರೊಳಗೆ ಆರುತ್ತಿತ್ತು. ಕೆಂಪು ಒಂದೆರಡು ದಿನ ಬಾಳುತ್ತಿತ್ತು. ಯಂತ್ರದ ಮುಖ್ಯಸ್ಥ ವಾಮನರಾಯರು ತಾಳ್ಮೆಯಿಂದ ನೋಡಿ ನೋಡಿ ಒಂದು ಸಂಗತಿ ಕಂಡುಹಿಡಿದರು: ಹೊಟ್ಟೆಕಿಚ್ಚಿಗೆ ಮಾತ್ರ ಉರುವಲು ಬೇಡ. ಒಮ್ಮೆ ಹತ್ತಿಸಿದರೆ ಅದು ಜನರ ಜೊತೆಗೇ ಮಲಗಿ ಜೊತೆಗೇ ಏಳುತ್ತದೆ.

ಆಗ ಹುಟ್ಟಿದವಳು ಮಂದಾಕಿನಿ. ಆದಂಡೆಯ ಒಬ್ಬ ಸಾಮಾನ್ಯ ಹೆಂಗಸು. ಅವಳ ಬಚ್ಚಲಲ್ಲಿ ನೀರು ಸದಾ ಹರಿಯುತ್ತದೆ. ಗಂಡ ಸಂಜೆ ಮಲ್ಲಿಗೆ ತರುತ್ತಾನೆ. ಅವಳು ಪಾತ್ರೆ ತೊಳೆಯುತ್ತ ಹಾಡುತ್ತಾಳೆ, ಅಂಗಳಕ್ಕೆ ಎರಡೆರಡು ಸಲ ನೀರು ಚಿಮುಕಿಸುತ್ತಾಳೆ. ಇದನ್ನೆಲ್ಲ ಕೇಳುತ್ತ, ನಳದ ಮುಂದೆ ಕೊಡ ಸಾಲಿಟ್ಟು ಬಂದ ಈದಂಡೆಯ ಹೆಂಗಸರು ನಿಧಾನಕ್ಕೆ ಕೆಂಡವಾದರು. ಮಂದಾಕಿನಿ ನಿಜವೆಂದು ಇಲಾಖೆ ಎಂದೂ ಹೇಳಲಿಲ್ಲ, ಸುಳ್ಳೆಂದೂ ಹೇಳಲಿಲ್ಲ. ಆ ಎರಡರ ನಡುವೆ ಜನರೇ ಒಂದು ಮನೆ ಕಟ್ಟಿ ಅವಳನ್ನು ಕೂರಿಸಿದ್ದರು.

ಅವಳ ಮಾತುಗಳನ್ನು ಬರೆಯುತ್ತಿದ್ದವಳು ಸುಗಂಧಾ. ದನಿ ಯಂತ್ರದ್ದು, ನೂರಾರು ಹೆಂಗಸರ ಗಂಟಲು ಸೇರಿಸಿ ಮಾಡಿದ್ದು. ಬರೆಯುವವರು ಯಾರೆಂದು ಮನೆಯವರಿಗೂ ಹೇಳಬಾರದೆಂಬ ಆಣೆ ಇತ್ತು. ತಾನು ಇಲಾಖೆಯಲ್ಲಿ ದೀಪ ಒರೆಸುವವಳು ಎಂದು ಸುಗಂಧಾ ಮನೆಯಲ್ಲಿ ಹೇಳಿದ್ದಳು. ಗಂಡ ಗುರುಪಾದ ನಂಬಿದ್ದ. ಅವನು ಅಣೆಕಟ್ಟಿನ ಗೇಟಿನವ.

ಒಂದು ಸಂಜೆ ವಾಮನರಾಯರು ಅವಳನ್ನು ಗೋಡೆಯ ಹತ್ತಿರ ಕರೆದರು.

"ನೋಡಿ ಸುಗಂಧಾ, ಊರೆಲ್ಲ ಕೆಂಡವಾಗಿದೆ. ಗೇಟಿನವರ ಮನೆಗಳೂ ಆಗುತ್ತಾ ಬಂದಿವೆ. ಇದೊಂದು ಮಾತ್ರ ಹೀಗೇಕೆ?"

ಕೆಂಡಗಳ ನಡುವೆ ಒಂದು ದೀಪ ಹಾಲಿನಂತೆ ಬೆಳಗುತ್ತಿತ್ತು. ಆ ಜಾಗ ಸುಗಂಧಾಳಿಗೆ ಹೇಳಿಸಿಕೊಳ್ಳದೆಯೇ ಗೊತ್ತಿತ್ತು. ದಿನವೂ ಅವಳು ಮೊದಲು ನೋಡುತ್ತಿದ್ದದ್ದು ಅದನ್ನೇ.

"ನಮ್ಮ ಮನೀದ್ರಿ," ಅಂದಳು.

"ಅಂಗೈ ಒಂದೇ. ಗಂಡಸಿನದು. ಮಂದಾಕಿನಿ ಬಾಯಿ ತೆರೆದರೆ ಬೆಳಗುತ್ತದೆ, ಮುಚ್ಚಿದರೆ ಮಂಕಾಗುತ್ತದೆ." ವಾಮನರಾಯರು ಕನ್ನಡಕ ತೆಗೆದು ಒರೆಸಿದರು. "ಬೇಸಿಗೆ ಬಂತು. ಗೇಟು ಇಳಿಸುವ ದಿನ ಯಾವ ಕೈ ಹಿಂದೆ ಸರಿಯುತ್ತದೋ ಅದು ಗಣಿಗೆ ಹೋಗುತ್ತದೆ. ನೀವು ಬುದ್ಧಿವಂತರು."

ಗಣಿಯ ಮಾತಿಗೆ ಸುಗಂಧಾ ಹೆದರಿದಳು, ನಿಜ. ಆದರೆ ಅದಕ್ಕಿಂತ ಮೊದಲು ಸುಟ್ಟದ್ದು ಬೇರೆ. ಬಾಯಿ ತೆರೆದರೆ ಬೆಳಗುತ್ತದೆಯಂತೆ.

ಮನೆಗೆ ಬಂದಾಗ ಗುರುಪಾದ ಪೆಟ್ಟಿಗೆಯ ಮುಂದಿನಿಂದ ಆಗಷ್ಟೆ ಎದ್ದು ಊಟಕ್ಕೆ ಕೂತಿದ್ದ. ಅತ್ತೆ ಸಂಗವ್ವ ರೊಟ್ಟಿ ಮುರಿಯುತ್ತಿದ್ದಳು.

"ಇವತ್ತ ಏನಂದ್ಳಂತ ನಿಮ್ಮ ಮಂದಾಕಿನಿ?" ಸುಗಂಧಾ ಕೇಳಿದಳು.

"ಗಂಡ ತಡಾ ಮಾಡಿ ಬಂದಿದ್ದ. ಆಕಿ ಬೈಲಿಲ್ಲ. 'ನೀವು ಬರೂ ದಾರಿ ನೋಡಿ ನೋಡಿ ದಾರಿಗೇ ನನ್ನ ಗುರುತು ಹತ್ತೈತಿ' ಅಂದ್ಳು." ಗುರುಪಾದ ತುತ್ತು ಕೈಯಲ್ಲೇ ಹಿಡಿದಿದ್ದ. "ಎಂಥಾ ಮಾತು."

ಆ ಮಾತನ್ನು ಬರೆಯುವಾಗ ಸುಗಂಧಾಳ ಕಣ್ಣ ಮುಂದೆ ಇದ್ದದ್ದು ಇದೇ ಬಾಗಿಲು, ಇದೇ ದಾರಿ.

"ನಾನೂ ದಾರಿ ನೋಡ್ತೀನಿ."

"ನೀ ನೋಡ್ತಿ. ಬಂದ ಕೂಡ್ಲೆ 'ಕೈಕಾಲು ತೊಳಕೋರಿ' ಅಂತಿ."

ಸಂಗವ್ವ ಮಗನನ್ನು ಕಣ್ಣಂಚಿನಲ್ಲೇ ನೋಡಿದಳು. "ಲೇ ತಮ್ಮಾ, ಪೆಟಿಗ್ಯಾಗಿನ ಹೆಣ್ತಿ ಸೆಗಣಿ ಬಾಚೂದಿಲ್ಲ, ರೊಟ್ಟಿ ಬಡ್ಯೂದಿಲ್ಲ. ಮಾತಾಡಾಕ ಆಕಿಗೇನ ಬ್ಯಾನಿ?"

"ನಾ ಏನಂದೆ ಅವ್ವಾ? ಕತಿ ಛಲೋ ಐತಿ ಅಂದೆ."

"ಕತಿ ಛಲೋ ಐತಿ ಅನ್ನಾಂವ ಪಲ್ಯಾ ಬಿಟ್ಟು ಬರೇ ರೊಟ್ಟಿ ನುಂಗೂದಿಲ್ಲ. ತಾಟು ನೋಡಿಕೊಳ್ಳೊ."

ಸುಗಂಧಾ ನಗಲಿಲ್ಲ. ಬೇರೆ ಯಾರ ಮೇಲಾದರೂ ಹೊಟ್ಟೆಕಿಚ್ಚಾದರೆ ಅವಳ ಮೂಗು ಮೊಂಡು, ನಡಿಗೆ ವಕ್ರ ಎಂದು ಆಡಿಕೊಳ್ಳಬಹುದು. ಮಂದಾಕಿನಿಗೆ ಒಂದು ಕುಂದನ್ನೂ ಅವಳು ಇಟ್ಟಿರಲಿಲ್ಲ. ತನ್ನ ಬಾಯಿಂದ ಆಡಬೇಕಾದದ್ದನ್ನೆಲ್ಲ ಅವಳ ಬಾಯಿಗೆ ಹಾಕಿ ಸಾಕಿದ್ದಳು. ಈಗ ಆ ಸಾಕುಮಗಳೇ ತನ್ನ ಗಂಡನ ಅಂಗೈ ಹಿಡಿದು ಕೂತಿದ್ದಾಳೆ.

ಮಾರನೆಯ ದಿನ ಅವಳು ವಾಮನರಾಯರ ಮುಂದೆ ನಿಂತಳು.

"ಆಕಿನ್ನ ಬಸುರಿ ಮಾಡೂಣ್ರಿ."

"ಅದರಿಂದ?"

"ಹೆಂಗಸರು ಉರೀತಾರ್ರಿ. ಗಂಡಸರಿಗೂ ಮನಸ್ಸು ಕಿತ್ತು ಬರತೈತಿ. ಮತ್ತೊಬ್ಬನ ಬಸುರಿ ಮ್ಯಾಲೆ ಯಾರು ಮನಸ್ಸಿಡ್ತಾರ?"

"ಖಾತ್ರಿಯೇ?"

"ನನ್ನ ಹೊಟ್ಟಿ ಮ್ಯಾಲೆ ಕೈ ಇಟ್ಟು ಹೇಳ್ತೀನ್ರಿ."

ಸುಗಂಧಾಳಿಗೆ ಮಕ್ಕಳಾಗಿರಲಿಲ್ಲ. ಓಣಿಯಲ್ಲಿ ಯಾರಾದರೂ ಬಸುರಿಯಾದರೆ ಅವಳು ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದಳು. ಲೋಕವೂ ಹಾಗೇ ಕೂರುತ್ತದೆ ಎಂದು ತನ್ನ ಹೊಟ್ಟೆಯಿಂದ ಲೋಕವನ್ನು ಅಳೆದಳು. ವಾಮನರಾಯರು ರಾಜಧಾನಿಯವರು, ಗಂಡಸು, ಅವರಿಗೆ ಇನ್ನೊಂದು ಅಳತೆ ಗೊತ್ತಿರಲಿಲ್ಲ. ಒಪ್ಪಿದರು.

ಸುಗಂಧಾ ಅಂದೇ ಬರೆದಳು. ಮಂದಾಕಿನಿಗೆ ಏಳು ತಿಂಗಳು ತುಂಬುತ್ತವೆ. ಹೊಟ್ಟೆ ಸವರಿಕೊಂಡು, "ಹೊಳೀ ನೀರು ಕುಡದ ನನ್ನ ಉಡಿ ತುಂಬಿತು" ಎಂದು ಬೀಗುತ್ತಾಳೆ. ಸಾಲದೆಂಬಂತೆ ಅವಳಿಗೊಂದು ಬಯಕೆ: ತಮ್ಮ ಕಡೆಯ ಹುಳಿ ಪುಂಡಿಸೊಪ್ಪು ಬಾಯಿಗೆ ಹತ್ತುವುದಿಲ್ಲ, ಈದಂಡೆಯ ಪುಂಡಿಪಲ್ಯವೇ ಬೇಕು, ಈಚೆಯ ಹೆಂಗಸರು ಜೋಳದ ನುಚ್ಚು ಹಾಕಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟು ಮಾಡಿದ್ದೇ ಬೇಕು. ನೀರು ಸಾಲದೆ ನಮ್ಮ ಪಲ್ಯಕ್ಕೂ ಬಾಯಿ ಹಾಕಿದಳೇ ಎಂದು ಜನ ಹಲ್ಲು ಕಡಿಯಬೇಕು. ಸುಗಂಧಾಳ ಲೆಕ್ಕ ಅದು.

ಆ ಸಂಜೆ ಇಬ್ಬರೂ ಗೋಡೆಯ ಮುಂದೆ ನಿಂತರು. ಮಂದಾಕಿನಿ ಹೊಟ್ಟೆ ಸವರಿಕೊಂಡಾಗ ಗೋಡೆಯೆಲ್ಲ ಧಗ್ಗೆಂದಿತು. ವಾಮನರಾಯರು ತಲೆದೂಗಿದರು. ಆಮೇಲೆ ಅವಳು ಪುಂಡಿಪಲ್ಯ ಎಂದಳು. ಯಂತ್ರದ ದನಿಯಲ್ಲಿ ಆಸೆ ಎಷ್ಟು ಚೆನ್ನಾಗಿ ಮೂಡಿತ್ತೆಂದರೆ ಬಾಯಲ್ಲಿ ನೀರೂರುವ ಸದ್ದು ಸಹ ಕೇಳಿದಂತಿತ್ತು. ಮೂಲೆಯಲ್ಲೊಂದು ದೀಪ ಬೆಳ್ಳಗಾಯಿತು. ಅದರ ಪಕ್ಕದ್ದು ಬೆಳ್ಳಗಾಯಿತು. ಒಲೆಯ ಮೇಲಿನ ಹಾಲು ಉಕ್ಕಿ ಕೆಂಡವನ್ನು ಆರಿಸಿದಂತೆ ಬಿಳುಪು ಈ ಅಂಚಿನಿಂದ ಆ ಅಂಚಿಗೆ ಹಬ್ಬಿತು.

"ಏನಿದು?" ವಾಮನರಾಯರು ತಂತಿಗಳನ್ನು ಅಲುಗಿಸಿ ನೋಡಿದರು. "ಯಂತ್ರ ಕೆಟ್ಟಿತೇ?"

ಯಂತ್ರ ಸರಿಯಾಗಿಯೇ ಇತ್ತು. ಕೆಟ್ಟದ್ದು ಏನೆಂದು ಸುಗಂಧಾಳಿಗೆ ಮರುದಿನ ಬೆಳಿಗ್ಗೆ ಮೂಗಿಗೇ ತಿಳಿಯಿತು. ಇಡೀ ಓಣಿ ಹುಳಿಹುಳಿ ಘಮಗುಡುತ್ತಿತ್ತು. ಮನೆಮನೆಯ ಒಲೆಯ ಮೇಲೂ ಪುಂಡಿ ಕುದಿಯುತ್ತಿತ್ತು.

"ಏನ್ ಅತ್ತೀ ಇದು?"

"ಮತ್ತೇನ ಮಾಡೂದು? ಬಸುರಿ ಹೆಣಮಗಳು ಬಾಯಿಬಿಟ್ಟು ಕೇಳ್ಯಾಳ." ಸಂಗವ್ವ ಸೊಪ್ಪು ಕಡೆಯುತ್ತಲೇ ಅಂದಳು. "ಬಸುರಿ ಬಯಸಿದ್ದು ಕೊಡಲಿಲ್ಲಂದ್ರ ಕೊಡದವರ ಕಣ್ಣಾಗ ಗುಳ್ಳಿ ಏಳತಾವ. ವೈರಿ ಇರಲಿ, ವೈರೀ ಮಗಳಿರಲಿ."

"ನಿನ್ನಿತನಾ ಆಕಿನ್ನ ಬೈತಿದ್ರಿ ಎಲ್ಲಾರೂ."

"ನಿನ್ನೆ ಆಕಿ ನೀರಿನ ಡೌಲು ಮಾಡ್ತಿದ್ಳು. ಡೌಲು ಮಾಡಾಕಿನ್ನ ಬೈತಾರ. ಬಸುರೀನ್ನ ಯಾರು ಬೈತಾರ? ಏಳು ತುಂಬ್ಯಾವಂತ. ಕುಬುಸನೂ ಮಾಡಿಬಿಡೂಣು ಅಂತ ಓಣಿಯವರು ಮಾತಾಡ್ಯಾರ."

ಏಳು ತಿಂಗಳ ಬಸುರಿಯನ್ನು ಕೂರಿಸಿ, ಹಸಿರು ಕುಬುಸ ತೊಡಿಸಿ, ಉಡಿ ತುಂಬಿ, ಬಯಸಿದ್ದನ್ನು ಉಣ್ಣಿಸುವುದು ಆ ಸೀಮೆಯ ಪದ್ಧತಿ. ಅದು ಸುಗಂಧಾಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮಕ್ಕಳಾಗದವಳನ್ನು ಕುಬುಸಕ್ಕೆ ಕರೆಯುವ ರೂಢಿ ಇರಲಿಲ್ಲ. ವರ್ಷಗಟ್ಟಲೆ ಯಾರೂ ಕರೆಯದೆ, ಅಂಥದೊಂದು ಹಬ್ಬ ಲೋಕದಲ್ಲಿದೆ ಎಂಬುದೇ ಅವಳ ಲೆಕ್ಕದಿಂದ ಜಾರಿಹೋಗಿತ್ತು.

ಹೆಂಗಸರು ಗಡಿಗೆ, ತೆಂಗು, ಅಕ್ಕಿ, ಖಣ ಹೊತ್ತು ಹೊಳೆಯ ದಂಡೆಗೆ ಬಂದರು. ಸಿಪಾಯಿಗಳಿಗೆ ಹೊಳೆ ದಾಟುವವರನ್ನು ತಡೆಯುವ ಅಪ್ಪಣೆ ಇತ್ತು, ಪಲ್ಯ ತರುವವರನ್ನು ತಡೆಯುವುದು ಇರಲಿಲ್ಲ. ಅವರ ಹೆಂಡಂದಿರೂ ಆ ಗುಂಪಿನಲ್ಲಿದ್ದರು. ಎಲ್ಲ ಅಣಿಯಾದ ಮೇಲೆ ಒಂದು ತೊಡಕು ಬಂತು. ಬಸುರಿಯೇ ಇಲ್ಲ. ಮಂದಾಕಿನಿಯ ಪರವಾಗಿ ಮಣೆಯ ಮೇಲೆ ಯಾರು ಕೂರಬೇಕು?

"ನಮ್ಮ ಸುಗಂಧಾ ಕುಂದರ್ಲಿ," ಅಂದಳು ಸಂಗವ್ವ.

ಒಬ್ಬಳು ಗೊಣಗಿದಳು. "ಹಡೀಲಾರದಾಕಿನ್ನ ಕುಬುಸದ ಮಣಿ ಮ್ಯಾಲೆ..."

"ಹಡದಾಕಿ ಕುಂತ್ರ ಆ ಉಡಿ ಆಕಿ ಮಕ್ಕಳಿಗೆ ಹೋಗತೈತಿ. ಬಸುರಿ ಕುಂತ್ರ ಆಕಿ ಕೂಸಿಗೆ ಹೋಗತೈತಿ. ಖಾಲಿ ಉಡಿಯಾಗ ಹಾಕಿದ್ದಷ್ಟ ಹೊಳಿ ದಾಟತೈತಿ. ನಿನಗ ಬ್ಯಾರೆ ಶಾಸ್ತ್ರ ಗೊತ್ತಿದ್ರ ಹೇಳವಾ, ಕೇಳ್ತೀವಿ."

ಅವಳಿಗೆ ಗೊತ್ತಿರಲಿಲ್ಲ. ಸುಗಂಧಾಳನ್ನು ಹೊಳೆಗೆ ಮುಖ ಮಾಡಿ ಕೂರಿಸಿದರು. ಅರಿಶಿನ ಹಚ್ಚಿದರು, ಹಸಿರು ಕುಬುಸ ಹೆಗಲಿಗೆ ಹೊದಿಸಿದರು, ತಲೆತುಂಬ ಹೂ ಮುಡಿಸಿದರು, ಪುಂಡಿಪಲ್ಯ ಉಣ್ಣಿಸಿದರು. ಜನ್ಮದಲ್ಲಿ ತನಗೆ ಬರದೆ ಹೋದದ್ದೆಲ್ಲ ಆ ದಿನ ಅವಳ ಮೈಮೇಲೆ ಬಂತು, ಇನ್ನೊಬ್ಬಳ ಹೆಸರಿನಲ್ಲಿ. "ಮಂದಾಕಿನಿ ಹೊಟ್ಟಿ ತಣ್ಣಗಿರಲಿ" ಎಂದು ಒಬ್ಬೊಬ್ಬರೂ ಅಕ್ಕಿ ಸುರಿದಾಗ ಅವಳ ಹೊಟ್ಟೆ ಒಲೆಯಾಗಿತ್ತು. ತಲೆಯೆತ್ತಿ ನೋಡಿದರೆ ಅಣೆಕಟ್ಟಿನ ಮೇಲೆ ಗುರುಪಾದ ನಿಂತಿದ್ದ. ಅವನು ನೋಡುತ್ತಿದ್ದದ್ದು ತನ್ನನ್ನೋ, ತನ್ನಾಚೆಯ ಹೊಳೆಯನ್ನೋ ತಿಳಿಯಲಿಲ್ಲ.

ಸಂಜೆ ಅವನು ಅಂದ: "ಇವತ್ತ ಭಾಳ ಛಂದ ಕಾಣ್ತಿತ್ತು."

"ಯಾರು? ನಾನೋ, ಆಕಿಯೋ?"

ಅವನು ಹೋಗಿ ಪೆಟ್ಟಿಗೆಯ ತಗಡಿಗೆ ಅಂಗೈ ಊರಿ ಕೂತ. ಸುಗಂಧಾಳ ತಲೆಯ ಹೂಗಳೆಲ್ಲ ಬಾಡಿದವು.

ಮರುದಿನ ಇಲಾಖೆಯಲ್ಲಿ ಬೈಗುಳ ಕಾದಿರುತ್ತದೆ ಎಂದುಕೊಂಡು ಹೋದಳು. ವಾಮನರಾಯರು ಖುಷಿಯಲ್ಲಿದ್ದರು.

"ನಾವು ಕೇಳಿದ್ದಕ್ಕಿಂತ ಹೆಚ್ಚಿನದೇ ಸಿಕ್ಕಿದೆ ಸುಗಂಧಾ. ಇಷ್ಟು ಅಕ್ಕರೆ ಹರಿದಿದೆಯಲ್ಲ, ಅದನ್ನು ತಿರುಗಿಸಿಬಿಡಿ. ನಾಳೆಯ ಕತೆಯಲ್ಲಿ ಮಂದಾಕಿನಿ ಆ ಪಲ್ಯ ಉಣ್ಣುತ್ತಾಳೆ. ಕೂಸು ಹೊಟ್ಟೆಯಲ್ಲೇ ಸಾಯುತ್ತದೆ. ಈದಂಡೆಯ ಹೆಂಗಸರು ವಿಷ ಹಾಕಿದರು ಎಂದು ಅವಳು ಎದೆ ಬಡಿದುಕೊಂಡು ಶಪಿಸುತ್ತಾಳೆ. ಅಕ್ಕರೆಯಿಂದ ಕೊಟ್ಟ ತುತ್ತನ್ನು ವಿಷ ಅಂದವರನ್ನು ಯಾರೂ ಕ್ಷಮಿಸುವುದಿಲ್ಲ. ನಾಡಿದ್ದು ಗೇಟು ಇಳಿಯುತ್ತದೆ, ನಿಮ್ಮವರ ಕೈಯಿಂದಲೇ. ನಿಮ್ಮ ಮನೆಯೂ ಉಳಿಯುತ್ತದೆ."

ಹೌದು, ಅದು ಫಲಿಸುತ್ತದೆ ಎಂದು ಸುಗಂಧಾಳಿಗೆ ತಕ್ಷಣವೇ ಅನಿಸಿತು. ಮಂದಾಕಿನಿ ಹಾಳಾಗಲಿ ಎಂದು ಅವಳು ಎಷ್ಟು ಸಂಜೆ ಬೇಡಿಕೊಂಡಿದ್ದಳು. ಈಗ ಅದೇ ಅಪ್ಪಣೆಯಾಗಿ ಬಂದಿತ್ತು. ಮನೆಗೆ ನಡೆಯುತ್ತ ಮಾತುಗಳನ್ನೂ ಹೊಂದಿಸಿಕೊಂಡಳು. ಮಂದಾಕಿನಿ ಹೇಗೆ ಅಳುತ್ತಾಳೆ, ಹೇಗೆ ಮಣ್ಣು ತೂರುತ್ತಾಳೆ. ಅದನ್ನು ಕೇಳಿ ಗುರುಪಾದನ ಮುಖ ಹೇಗೆ ಬಿಗಿಯುತ್ತದೆ, ಅವಳನ್ನು ನೆನೆನೆನೆದು ಹೇಗೆ ಹಲ್ಲು ಕಡಿಯುತ್ತಾನೆ.

ಅಲ್ಲಿಗೆ ಬಂದು ಅವಳ ಕಾಲು ನಿಂತಿತು. ಅವಳನ್ನೇ ನೆನೆಯುತ್ತಾನೆ. ಜನ್ಮಪೂರ್ತಿ ನೆನೆಯುತ್ತಾನೆ. ಪ್ರೀತಿ ಹೋಯಿತು, ಕಡೆಗೆ ಸಿಟ್ಟೂ ಅವಳಿಗೇ ಹೋಗುತ್ತದೆ. ಅದರಲ್ಲೂ ತನಗೊಂದು ಪಾಲಿಲ್ಲ.

ಇದನ್ನು ಅವಳು ತಾಳಲಿಲ್ಲ. ಬೆಳಿಗ್ಗೆ ಗುರುಪಾದ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಹೊಸ್ತಿಲಿಗೆ ಅಡ್ಡ ನಿಂತಳು.

"ಮಂದಾಕಿನಿ ಇಲ್ಲ."

"ಏನಾತು ಆಕಿಗೆ?"

ಅವನ ದನಿಯಲ್ಲಿದ್ದ ಗಾಬರಿ ಅವಳನ್ನು ಇನ್ನಷ್ಟು ಸುಟ್ಟಿತು. "ಆಗಾಕ ಆಕಿ ಇದ್ರ ಅಲ್ಲೇನ್ರಿ? ಆಕಿ ಎಂದೂ ಇದ್ದಿದ್ದಿಲ್ಲ. ನಾ ಬರದದ್ದು ಅದೆಲ್ಲಾ. ದಾರಿಗೆ ಗುರುತು ಹತ್ತೈತಿ ಅಂದದ್ದು ನಾನು."

ಒಲೆಯ ಮುಂದೆ ಸಂಗವ್ವನ ರೊಟ್ಟಿಯ ಸದ್ದು ನಿಂತಿತು. ಗುರುಪಾದ ಒಂದೇ ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತ. ಇವತ್ತು ಏನು ಬರೆಯಲು ಹೇಳಿದ್ದಾರೆಂಬುದನ್ನೂ ಅವಳು ಮುಚ್ಚಿಡದೆ ಹೇಳಿದಳು. ಅವನು ಎಲ್ಲ ಕೇಳಿದ.

"ಹಂಗಾರ ಆ ಮಾತೆಲ್ಲಾ ನಿನ್ನವು?"

"ಹೂಂ."

"ಇಷ್ಟು ವರ್ಷ ಒಂದ ಮನಿಯಾಗ ಅದೀವಿ. ಒಂದರ ಮಾತು ನನಗ್ಯಾಕ ಅನ್ನಲಿಲ್ಲ ನೀ?"

"ನೀವು ಎಂದರ ಹಂಗ ಕುಂತು ಕೇಳಿದ್ರ್ಯಾ?" ಎಂದಳು ಸುಗಂಧಾ, ಸಣ್ಣ ದನಿಯಲ್ಲಿ.

ಅವನು ಇನ್ನೊಂದು ಚಪ್ಪಲಿ ಹುಡುಕಿ ಮೆಟ್ಟಿದ. "ಗೇಟು ಮಾತ್ರ ನಾ ಇಳಸೂದಿಲ್ಲ."

"ಆಕಿ ಸುಳ್ಳು ಅಂದೆನಲ್ಲ."

"ಆಕಿ ಸುಳ್ಳಾದ್ರ ಆಚಿ ದಂಡ್ಯಾಗ ಬಸುರಿ ಹೆಣಮಕ್ಕಳು ಒಬ್ಬರೂ ಇಲ್ಲೇನು?" ಹಾಗೆಂದು ಹೊರಟೇಬಿಟ್ಟ.

ಸಂಗವ್ವ ಸೊಸೆಯ ಹತ್ತಿರ ಬಂದಳು. "ಬಾಯಿ ಒಣಗೈತಿ ನಿಂದು, ನೀರು ಕುಡಿ," ಅಂದಳು. "ಆಮ್ಯಾಲೆ ಹೇಳು. ಆ ವಿಷದ ಕತಿ ಬರೀತ್ಯೋ?"

ಬರೆದರೆ ಉಳಿದವರು ಗೇಟು ಇಳಿಸುತ್ತಾರೆ, ಗುರುಪಾದ ಒಬ್ಬನೇ ಗಣಿಗೆ ಹೋಗುತ್ತಾನೆ. ಅಲ್ಲಿ ಕಲ್ಲು ಒಡೆಯುತ್ತ ಯಾರನ್ನು ನೆನೆಯುತ್ತಾನೋ. ಅದನ್ನು ದೇವರಿಗೂ ಬಿಟ್ಟುಕೊಡಲು ಸುಗಂಧಾಳಿಗೆ ಮನಸ್ಸಿರಲಿಲ್ಲ.

ಸಂಜೆ ಜನ ತಗಡಿನ ಮೇಲೆ ಅಂಗೈ ಊರಿ ಕೂತರು. ಇಲಾಖೆಯಲ್ಲಿ ಯಂತ್ರದ ದನಿಯಲ್ಲದೆ, ದೊರೆತನದ ಸಾರಿಕೆಗೆಂದು ಒಂದು ಮೈಕು ಇತ್ತು. ಸುಗಂಧಾ ಆ ಕೋಣೆಗೆ ಹೋಗಿ ಒಳಗಿನಿಂದ ಅಗುಳಿ ಹಾಕಿದಳು. ನೂರು ಗಂಟಲುಗಳ ಇಂಪಿಗೆ ಒಗ್ಗಿದ್ದ ಜನರಿಗೆ ಆ ಸಂಜೆ ಒಂದೇ ಗಂಟಲು ಕೇಳಿತು, ಸ್ವಲ್ಪ ಒರಟಾಗಿ.

"ನಾನು ಸುಗಂಧಾ. ಗೇಟಿನ ಗುರುಪಾದನ ಹೆಣ್ತಿ. ಮೊನ್ನೆ ನಿಮ್ಮ ಮುಂದ ಮಣಿ ಮ್ಯಾಲೆ ಕುಂತಾಕಿ. ಮಂದಾಕಿನಿನ್ನ ಬರದಾಕಿನೂ ನಾನ. ಇವತ್ತ ನೀವು ಮಾಡಿದ ಪಲ್ಯಾಕ್ಕ ವಿಷ ಅಂತ ಬರೀ ಅಂದ್ರು. ನಾ ಬರೀಲಿಲ್ಲ. ನಿಮ್ಮ ಪಲ್ಯಾ ಛಲೋ ಇತ್ತು."

ಹೊರಗೆ ಬಾಗಿಲು ಬಡಿಯುತ್ತಿದ್ದರು. ಅವಳು ಅವಸರ ಮಾಡಲಿಲ್ಲ.

"ಇನ್ನೊಂದು ಮಾತು ನಮ್ಮ ಮನಿಯವರಿಗೆ. ನೀವು ಬರೂ ಹೊತ್ತಿಗೆ ನಾ ದಿನಾ ಕೈಕಾಲು ತೊಳಕೋರಿ ಅಂತೀನಲ್ಲ, ಅದರ ಅರ್ಥ ಮಂದಾಕಿನಿ ಅಂದಳಲ್ಲ, ಅದ."

ಬಾಗಿಲು ಮುರಿಯಿತು.

ಮಾರನೆಯ ದಿನ ಗೇಟಿನವರು ಯಾರೂ ಚಕ್ರ ಮುಟ್ಟಲಿಲ್ಲ. ಎಲ್ಲರನ್ನೂ ಗಣಿಗೆ ಹಾಕಿದರೆ ಅಣೆಕಟ್ಟು ನೋಡುವವರಿಲ್ಲವೆಂದು ಗುರುಪಾದನೊಬ್ಬನನ್ನು ಹೆಂಡತಿಯ ಜೊತೆ ಕಳಿಸಿದರು. ಇಲಾಖೆ ಹೊಸ ಕತೆ ಹೂಡಿತು, ಹೊಸ ನಾಯಕಿಯನ್ನು ತಂದಿತು. ಆದರೆ ಜನರಿಗೊಂದು ಚಾಳಿ ಅಂಟಿಬಿಟ್ಟಿತ್ತು. ಕತೆ ಶುರುವಾದ ಕೂಡಲೇ ಯಾರಾದರೊಬ್ಬ ಮುದುಕಿ, "ಇದನ್ನ ಬರದಾಕಿ ಯಾರಂತವಾ? ಆಕಿ ಗಂಡಗೂ ಆಕಿಗೂ ಸರಿ ಐತೋ ಇಲ್ಲೋ?" ಎಂದು ಕೇಳುತ್ತಿದ್ದಳು. ತಗಡಿನ ಮೇಲಿನ ಕೈ ನಗುವಿಗೆ ಅಲುಗಾಡುತ್ತಿತ್ತು. ವಾಮನರಾಯರ ಗೋಡೆಗೆ ಆ ನಗುವಿನ ಬಣ್ಣ ಗೊತ್ತಿರಲಿಲ್ಲ. ಆ ಬೇಸಿಗೆ ಗೇಟು ಇಳಿಯಲಿಲ್ಲ.

ಗಣಿಯಲ್ಲಿ ಪೆಟ್ಟಿಗೆ ಇರಲಿಲ್ಲ. ಗಂಡಸರು ಕಲ್ಲು ಒಡೆಯಬೇಕು, ಹೆಂಗಸರು ಜಲ್ಲಿ ಆರಿಸಬೇಕು. ಗುರುಪಾದ ಸುತ್ತಿಗೆ ಎತ್ತುವ ನಡುವೆ, "ಹೂಂ, ಹೇಳು," ಅನ್ನುತ್ತಿದ್ದ. ಸುಗಂಧಾ ಜಲ್ಲಿ ಆರಿಸುತ್ತ ಹೇಳುತ್ತಿದ್ದಳು. ಹಿಂದೆ ದನಗಳ ಒರಲು ಕೇಳಿ ಗೇಟು ಎತ್ತಿದ್ದ ಹಳಬರು ಅಲ್ಲೇ ಇದ್ದರು. ದಿನಕ್ಕಿಷ್ಟು ಸರಿಯುತ್ತ ಅವರೂ ಕಿವಿಯಳತೆಗೆ ಬಂದರು. ಅವರಲ್ಲಿ ಒಬ್ಬ ನೀಟಾಗಿ ಮೀಸೆ ತೀಡಿದವನಿದ್ದ.

"ಅಕ್ಕಾರ," ಅಂದ ಅವನು ಒಂದು ದಿನ, "ನೀವು ಮಾತಾಡಾಕತ್ರ ಕಲ್ಲು ಹಗುರ ಆಗತಾವ ನೋಡ್ರಿ. ಮುಂದೇನಾತು?"

ಗುರುಪಾದನ ಸುತ್ತಿಗೆ ಮೇಲೆಯೇ ನಿಂತಿತು. ಅವನು ಮೀಸೆಯವನನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಇಷ್ಟು ಜೋರಾಗಿ ಯಾಕ ಹೇಳ್ತಿ?" ಎಂದು ಹಲ್ಲಿನ ಸಂದಿಯಿಂದ ಅಂದ. "ನನಗ ಕೇಳಿದ್ರ ಸಾಲದೇನು?"

ಸುಗಂಧಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ನಗು ಇಳಿಯುವ ತನಕ ಕಾದು, ಮೊದಲಿಗಿಂತ ಸ್ವಲ್ಪ ಜೋರಾಗಿಯೇ ಕತೆ ಮುಂದುವರಿಸಿದಳು.